ಹದಿಮೂರಕ್ಕೆ ಸಾಕೆಂದೆ

ರೀನೊ, ನೆವಾಡಾ
ಮೇ ೧೯೫೪

ಅಕ್ಕಾ,

ವಿಚ್ಛೇದನ ಸಿಗಬೇಕಾದರೆ ಇಲ್ಲಿ ಆರು ವಾರ ಉಳಿಯಲೇಬೇಕಲ್ಲ, ಹೊತ್ತು ಹೋಗಲೆಂದು ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟ ಕಲಿತೆ. ಕೈಲಿರುವ ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದೆ ಅದರ ಹತ್ತಿರ ಹೋದವರು ಗೆದ್ದಂತೆ. ಎಲೆ ಹಂಚುವ ವರ್ಲೀನ್ ಒಂದು ಗುಟ್ಟು ಹೇಳಿಕೊಟ್ಟಳು: ಅವಳ ಮುಂದೆ ಆರು ಕಂಡರೆ ನಾವು ಇನ್ನೊಂದು ಎಲೆ ಕೇಳದೆ ಸುಮ್ಮನಿರಬೇಕು; ಹದಿನೇಳು ಆಗುವವರೆಗೆ ಅವಳು ಎಲೆ ಎಳೆಯಲೇಬೇಕು, ದಾಟಿ ಸೋಲುವ ಭಯ ಆಗ ಅವಳದು.

ನಿನ್ನೆ ನನ್ನ ಕೈಯಲ್ಲಿ ಹದಿಮೂರು, ಅವಳ ಮುಂದೆ ಆರು. ಬೆನ್ನ ಹಿಂದಿನಿಂದ ದನಿ ಬಂತು: "ಇನ್ನೊಂದು ಎಲೆ ಕೇಳೇ ಆರ್ಡಿಸ್! ಹದಿಮೂರಕ್ಕೆ ಯಾರಾದ್ರೂ ನಿಲ್ತಾರಾ?"

ತಿರುಗಿದರೆ ನನ್ನ ಗಂಡ ವೆಂಡೆಲ್! ನನ್ನನ್ನು ವಾಪಸು ಕರೆದೊಯ್ಯಲು ಅಯೋವಾದಿಂದ ಬಂದಿದ್ದಾನೆ. ಇಷ್ಟು ವರ್ಷ ಅವನು ಹೇಳಿದ್ದಕ್ಕೆಲ್ಲ ಹೂಂ ಅಂದವಳು ನಾನು. ಆದರೂ "ಸಾಕು ವರ್ಲೀನ್" ಅಂದೆ. ಅವಳು ಮುಚ್ಚಿಟ್ಟ ಎಲೆ ತೆರೆದರೆ ಹತ್ತು. ಮೇಲೆ ಎಳೆದದ್ದು ಒಂಬತ್ತು, ಒಟ್ಟು ಇಪ್ಪತ್ತೈದು. ಗೆದ್ದೆ!

"ಅದೃಷ್ಟ ಕಣೆ, ಏಳು ಈಗ" ಎಂದು ತಾನೇ ಕೂತ. ಪ್ರತಿ ಸಲವೂ ಇನ್ನೊಂದು ಎಲೆ, ಇನ್ನೊಂದು ಎಲೆ. ಊಟದ ಹೊತ್ತಿಗೆ ಜೇಬು ಬರಿದು. ಸ್ಯಾಂಡ್‌ವಿಚ್ ಕೊಡಿಸಿದೆ.

"ನೀನು ಬರಲ್ಲ ಅಲ್ವಾ?" ಅಂದ.

"ಇಲ್ಲ ವೆಂಡೆಲ್."

ವಕೀಲರ ಹತ್ತಿರ ಹೋಗಿ ವಿಚ್ಛೇದನದ ಕಾಗದಕ್ಕೆ ತಕರಾರಿಲ್ಲದೆ ರುಜು ಹಾಕಿದ. ಗೆದ್ದ ದುಡ್ಡಲ್ಲಿ ನಮ್ಮೂರಿಗೆ ಬಸ್ ಟಿಕೆಟ್ ತೆಗೆದುಕೊಟ್ಟೆ.

ಇಲ್ಲಿನ ಒಣಹವೆಗೆ ನನ್ನ ಕೆಮ್ಮು ಪೂರ್ತಿ ಹೋಗಿದೆ. ಈ ಅಂಚೆ ಕಾರ್ಡ್ ಅವನಿಗಿಂತ ಮೊದಲು ತಲುಪಿದರೆ ಬಸ್ ನಿಲ್ದಾಣಕ್ಕೆ ಹೋಗು, ಮನೆಗೆ ಕರೆತಂದು ಊಟ ಹಾಕು. ಬೈಯಬೇಡ, ಹಸಿದಿರುತ್ತಾನೆ.

ಆರ್ಡಿಸ್