ಗಾಳಿ ತಡೆಯುವ ಅಂಗಿ, ಅಳತೆ ನಲವತ್ನಾಲ್ಕು

ಎದೆ ನಲವತ್ನಾಲ್ಕು, ಭುಜ ಹದಿನೆಂಟೂವರೆ, ಕೊರಳು ಹದಿನೇಳು, ಹೊಟ್ಟೆಯ ವಿಷಯ ಸದ್ಯಕ್ಕೆ ಬೇಡ, ಇಷ್ಟು ಅಳತೆಯ ನನ್ನ ಗೆಳೆಯ ಜರಗನಹಳ್ಳಿ ತಿಮ್ಮರಾಯಪ್ಪನಿಗೆ, ಜೆ.ಪಿ. ನಗರದಿಂದ ಶಂಭುಲಿಂಗಪ್ಪನ ನಮಸ್ಕಾರ.

ನಿನಗೆ ನಾನು ಯಾವತ್ತೂ ನಮಸ್ಕಾರ ಹೇಳಿದವನಲ್ಲ. "ಏನಯ್ಯಾ" ಅಂದರೆ ಮುಗಿಯಿತು, ಅಲ್ಲಿಗೆ ಕುಶಲ, ಕ್ಷೇಮ, ಕಾಫಿ ಎಲ್ಲವೂ ಅದರೊಳಗೇ ಬಂತು. ಆದರೆ ಹನ್ನೊಂದು ತಿಂಗಳಿಂದ ನೀನು ನನ್ನ ಫೋನ್ ತೆಗೆದಿಲ್ಲ. ಸಾರಕ್ಕಿ ಕೆರೆಯ ವಾಕಿಂಗ್‌ಗೂ ಬಂದಿಲ್ಲ. ಮನೆಯ ಟೆರೇಸ್ ಮೇಲೇ ನಡೆಯುತ್ತೀಯಂತೆ, ನೀರಿನ ಟ್ಯಾಂಕಿಗೆ ದಿನಕ್ಕೆ ನಲವತ್ತು ಸುತ್ತು. ದೇವರಿಗೂ ಯಾರೂ ಅಷ್ಟು ಪ್ರದಕ್ಷಿಣೆ ಹಾಕುವುದಿಲ್ಲ ಮಾರಾಯ. ನನ್ನ ಬಾಯಿಯಿಂದ ಆದ ಕೆಲಸವನ್ನು ಬಾಯಿಯಿಂದಲೇ ರಿಪೇರಿ ಮಾಡಲು ಹೋದರೆ ಇನ್ನೊಂದು ಕಡೆ ಹರಿಯುತ್ತದೆ ಅಂತ ಬಸವಲಿಂಗಮ್ಮ ಹೇಳಿದಳು. ಮದುವೆಯಾಗಿ ಮೂವತ್ತೈದು ವರ್ಷ ನನ್ನ ಮಾತು ಕೇಳಿಸಿಕೊಂಡವಳು, ಅವಳಿಗೆ ಗೊತ್ತು. ಅದಕ್ಕೇ ಈ ಪತ್ರ. ಇದರ ಜೊತೆ ಒಂದು ಅಂಗಿಯೂ ಇದೆ. ಪತ್ರ ಓದಿ ಮುಗಿಸುವವರೆಗೆ ಅಂಗಿಯ ಪೊಟ್ಟಣ ಬಿಚ್ಚಬೇಡ.

ವಿಷಯ ಇಷ್ಟು. ನಮ್ಮ ವಾಕಿಂಗ್ ಗುಂಪಿನ ಗೂಳಪ್ಪನವರು ಈ ಆಷಾಢದಲ್ಲೂ ಸಾವನದುರ್ಗ ಹತ್ತಲೇಬೇಕು ಅಂತ ಹೊರಟಿದ್ದಾರೆ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು, ಈಗಲೂ ಜನ ಎಣಿಸದೆ ಹೊರಡುವುದಿಲ್ಲ. "ಏಳು ಜನ ಆಯ್ತು, ಎಂಟನೇ ಸೀಟ್ ಖಾಲಿ" ಅಂತ ದಿನಾ ಕೆರೆಯ ಬೆಂಚಿನ ಮೇಲೆ ನಿಂತು ಕೂಗುತ್ತಾರೆ. ಯಾರೂ ಆ ಸೀಟು ಕೇಳುವುದಿಲ್ಲ. ಅದು ಯಾರದ್ದು ಅಂತ ಎಲ್ಲರಿಗೂ ಗೊತ್ತು.

ನನಗೆ ಬೆಟ್ಟದ ಗಾಳಿ ತಡೆಯುವ ಅಂಗಿ ಒಂದು ಬೇಕಿತ್ತು. ನಮ್ಮ ಬಟ್ಟೆ ಅಂಗಡಿಯನ್ನು ಈಗ ನೋಡಿಕೊಳ್ಳುತ್ತಿರುವ ಮಗಳು ಜ್ಯೋತ್ಸ್ನಾ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು: "ಅಪ್ಪಾ, ನಮ್ಮಲ್ಲಿ ಸಿಗೋದು ಆಫೀಸಿಗೆ, ಮದುವೆಗೆ. ಬೆಟ್ಟಕ್ಕಲ್ಲ. ಬೇರೆ ಕಡೆ ಹೋಗಿ." ಮೂವತ್ತು ವರ್ಷ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಊರಿಗೆಲ್ಲ ಅಂಗಿ ತೊಡಿಸಿದ ಶಂಭುಲಿಂಗಪ್ಪ, ಅದೇ ನಾಲ್ಕನೇ ಬ್ಲಾಕಿನಲ್ಲಿ ಗಿರಾಕಿಯಾಗಿ ಇನ್ನೊಬ್ಬರ ಅಂಗಡಿಯ ಮೆಟ್ಟಿಲು ಹತ್ತಿದ. ಹತ್ತುವಾಗ ಚಪ್ಪಲಿ ಬಿಡಬೇಕೋ ಬೇಡವೋ ಅಂತಲೂ ಒಂದು ಕ್ಷಣ ತಿಳಿಯಲಿಲ್ಲ ನೋಡು.

ಅಲ್ಲಿ ಶ್ವೇತ ಅಂತ ಒಂದು ಹುಡುಗಿ, ಚುರುಕು. ನಾನು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಆ ಕಡೆಯಿಂದ ಅಂಗೈ ಹಿಡಿದು ಜೋರಾಗಿ ಊದಿದೆ. ಉಸಿರು ಅಂಗೈಗೆ ತಾಗಿದರೆ ಬೆಟ್ಟದ ಗಾಳಿ ಎದೆಗೆ ತಾಗುತ್ತದೆ, ಇಷ್ಟೇ ಪರೀಕ್ಷೆ. "ಅಂಕಲ್, ಬಾಯಿಗೆ ಇಟ್ಕೋಬೇಡಿ ಪ್ಲೀಸ್, ಡಿಸ್‌ಪ್ಲೇ ಪೀಸು" ಅಂದಳು. ಮೊದಲನೆಯದರಲ್ಲಿ ಉಸಿರು ಕಿಟಕಿ ತೆಗೆದ ಹಾಗೆ ಸಲೀಸಾಗಿ ಆಚೆ ಹೋಯಿತು. ಎರಡನೆಯದರಲ್ಲಿ ಒಂದಿಷ್ಟೂ ಹೋಗಲಿಲ್ಲ, ಆದರೆ ಅದು ಅಂಗಿಯಲ್ಲ, ತೋಳು ಬಂದ ಪ್ಲಾಸ್ಟಿಕ್ ಕವರ್. ಅದನ್ನು ಹಾಕಿಕೊಂಡು ಹತ್ತಿದರೆ ಗಾಳಿ ಹೊರಗೇ ಇರುತ್ತದೆ, ನಿಜ. ಒಳಗೆ ನಾವು ನಮ್ಮ ಬೆವರಲ್ಲೇ ಇಡ್ಲಿಯ ಹಾಗೆ ಬೇಯುತ್ತೇವೆ. ಆಮೇಲೆ ಮೇಲೆ ಹೋಗಿ ಒಂದು ನಿಮಿಷ ನಿಂತರೆ ಆ ಬೆವರೇ ತಣ್ಣಗಾಗಿ ಬೆನ್ನಿಗೆ ಅಂಟುತ್ತದೆ. ಮೂರನೆಯದು ಹದವಾಗಿತ್ತು. ಊದಿದರೆ ಉಸಿರಿನ ಬಿಸಿ ಮಾತ್ರ ತಾಗಿತು, ಗಾಳಿ ತಾಗಲಿಲ್ಲ. ಕಂಕುಳ ಕೆಳಗೆ ಬೆವರಿನ ಹಬೆ ಹೋಗಲು ಸಣ್ಣ ಜಿಪ್. ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಹೊಲಿಗೆ ಬರದ ಹಾಗೆ ಭುಜದ ಹೊಲಿಗೆಯನ್ನು ಮುಂದಕ್ಕೆ ಸರಿಸಿದ್ದಾರೆ. ಹೊಲಿದವನು ಬೆಟ್ಟ ಹತ್ತಿದವನೇ ಇರಬೇಕು. ಬೆನ್ನಿನ ಕಡೆ ನಾಲ್ಕು ಬೆರಳು ಉದ್ದ ಹೆಚ್ಚು, ಬಗ್ಗಿದಾಗ ಸೊಂಟಕ್ಕೆ ಗಾಳಿ ಹೊಡೆಯದಿರಲಿ ಅಂತ.

ಆಮೇಲೆ ಅಳತೆ. ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಯಾವ ಅಂಗಿಯಾದರೂ ಸರಿಯೇ ಅನ್ನಿಸುತ್ತದೆ. ಬೆಟ್ಟದಲ್ಲಿ ಯಾರು ನೆಟ್ಟಗೆ ನಿಲ್ಲುತ್ತಾರೆ? ಅದಕ್ಕೆ ಎರಡು ಕೈ ಮೇಲೆತ್ತಿ ಬಂಡೆ ತಬ್ಬಿಕೊಂಡವನ ಹಾಗೆ ನಿಂತೆ. ಅಂಗಿ ಮೇಲೇಳಲಿಲ್ಲ. ಅಂಗಡಿಯ ಮಧ್ಯೆ ಕುಕ್ಕರಗಾಲಲ್ಲಿ ಕೂತೆ. ಬೆನ್ನು ಬಿಗಿಯಲಿಲ್ಲ. ಕೊನೆಗೆ ಶ್ವೇತಳಿಗೆ ಹೇಳಿದೆ: "ಅಮ್ಮಾ, ಹಿಂದಿನ ತುದಿ ಗಟ್ಟಿಯಾಗಿ ಹಿಡ್ಕೊಂಡು ಎಳಿ." ಅವಳು ಮೆಲ್ಲಗೆ ಎಳೆದಳು. "ಹಾಗಲ್ಲ, ಬೀಳೋರು ಎಳೀತಾರಲ್ಲ, ಹಾಗೆ." ಪಕ್ಕದ ಗಿರಾಕಿ ಟೋಪಿ ನೋಡುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದ. ಅವಳು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಪಕ್ಕೆಯ ಹೊಲಿಗೆ ಮಿಸುಕಲಿಲ್ಲ. "ಬೆಟ್ಟಕ್ಕೆ ಹೋಗ್ತಿದೀರೋ ಕಬಡ್ಡಿಗೋ ಅಂಕಲ್?" ಅಂದಳು. ಈ ಪರೀಕ್ಷೆ ಯಾಕೆ ಅಂತ ಅವಳಿಗೆ ಹೇಳಲಿಲ್ಲ. ನಿನಗೆ ಹೇಳಬೇಕಾಗಿಲ್ಲ. ಆದರೂ ಮುಂದೆ ಹೇಳುತ್ತೇನೆ, ಯಾಕೆಂದರೆ ಈ ಪತ್ರ ಇರುವುದೇ ಅದಕ್ಕೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಮೂವತ್ತು ವರ್ಷ ನಾನು ಗಿರಾಕಿಗಳಿಗೆ ಹೇಳಿದ್ದು ಒಂದೇ ಮಾತು: "ಸ್ವಲ್ಪ ಲೂಸ್ ಇರ್ಲಿ ಸಾರ್, ಒಂದ್ಸಲ ಒಗೆದ್ರೆ ಸರಿಹೋಗುತ್ತೆ." ನಿಜ ಏನೆಂದರೆ ದೊಡ್ಡ ಸೈಜು ಬೇಗ ಖರ್ಚಾಗುತ್ತಿರಲಿಲ್ಲ. ಪ್ರತಿ ಯುಗಾದಿಗೂ ನೀನು ಬಂದು "ಶಂಭು, ಒಂದು ಅಂಗಿ ಕೊಡಯ್ಯಾ" ಅಂತ ಕೈ ಚಾಚುತ್ತಿದ್ದೆ, ನಲವತ್ನಾಲ್ಕು ಎದೆಯ ನಿನಗೆ ನಾನು ನಲವತ್ತಾರು ಕೊಡುತ್ತಿದ್ದೆ. ಒಂದು ದಿನವೂ ನೀನು ವಾಪಸ್ ತಂದವನಲ್ಲ. ಅದು ಒಗೆದು ಒಗೆದು ಸರಿಹೋಗುತ್ತಿದೆ ಅಂತಲೇ ನಾನು ಹೆಮ್ಮೆಯಿಂದ ಇದ್ದೆ. ಈ ಅಂಗಿ ಕೊಳ್ಳುವ ಹಿಂದಿನ ದಿನ ಹೂವಿನ ಅಂಗಡಿ ಹತ್ತಿರ ನಿನ್ನ ಮನೆಯವರು ಮುನಿಲಕ್ಷ್ಮಮ್ಮ ಸಿಕ್ಕಿ ನನ್ನ ಹೆಮ್ಮೆ ಇಳಿಸಿದರು. "ಅಯ್ಯೋ ಅಣ್ಣಾ, ಒಂದಾದ್ರೂ ಕುಗ್ಗಿತ್ತಾ? ಪ್ರತಿ ವರ್ಷ ಎರಡೂ ಪಕ್ಕ ನಾನೇ ಕೈಹೊಲಿಗೆ ಹಾಕಿ ಹಿಡೀತಿದ್ದೆ. ಶಂಭುಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾನೆ ಅಂತ ಇವರು ಬಾಯಿ ಕಟ್ಟಿದ್ರು." ಹೂವು ತೂಗುತ್ತಿದ್ದವಳೂ ನಕ್ಕಳು. ನಾನು ಮಲ್ಲಿಗೆ ಬೇಕೋ ಸೇವಂತಿಗೆ ಬೇಕೋ ಮರೆತು ಬರಿಗೈಲಿ ಮನೆಗೆ ಬಂದೆ.

ಇಷ್ಟು ತಿಳಿದ ಮೇಲೂ ಚಾಳಿ ಬಿಡಲಿಲ್ಲ. ಶ್ವೇತ "ಈ ಬಟ್ಟೆ ಕುಗ್ಗಲ್ಲ ಅಂಕಲ್, ನಲವತ್ತೇ ನಿಮಗೆ ಕರೆಕ್ಟ್" ಅಂದರೂ ನಂಬದೆ, ಅದರಲ್ಲೇ ಇನ್ನೊಂದು ದೊಡ್ಡ ಸೈಜನ್ನೂ ಎತ್ತಿಕೊಂಡೆ. ಮನೆಯಲ್ಲಿ ನೋಡಿ ಬೇಡವಾದದ್ದನ್ನು ವಾಪಸ್ ಕೊಡುವ ಮಾತಾಯಿತು. ಏಳು ದಿನದೊಳಗೆ, ಚೀಟಿ ಕೀಳದೆ, ಕಲೆ ಆಗದೆ. ಒಪ್ಪಿ ತಂದು ಕಪಾಟಿನ ಮೇಲಿಟ್ಟೆ. ಅದು ಶನಿವಾರ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ಎರಡೂ ಅಂಗಿ ದೇವರ ಮುಂದಿವೆ. ಎರಡರ ಕಾಲರಿನ ಒಳಗೂ ಅರಿಶಿನ. ಸಾಲದ್ದಕ್ಕೆ ಮೇಲೆ ಒಂದೊಂದು ಹೂವು, ಚಿಟಿಕೆ ವಿಭೂತಿ.

ಕೂಗಾಡಿದೆ. ಬಸವಲಿಂಗಮ್ಮ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದಳು. "ಹೊಸ ಬಟ್ಟೇನ ಅರಿಶಿನ ಹಚ್ಚದೆ ಹಾಗೇ ಹಾಕ್ಕೋತಾರೇನ್ರೀ?"

"ಒಂದನ್ನ ವಾಪಸ್ ಕೊಡ್ಬೇಕಿತ್ತು ಕಣೇ!"

"ದೇವರ ಮುಂದೆ ಇಟ್ಟಿದ್ದನ್ನ ಅಂಗಡಿಗೆ ವಾಪಸ್ ಕೊಡ್ತೀರಾ? ಕೊಟ್ಟು ಬನ್ನಿ ನೋಡೋಣ." ಆಮೇಲೆ ತಿರುಗಿ ನನ್ನ ಮುಖ ನೋಡಿದಳು. "ನಿಮಗೆ ಲೂಸ್ ಬೇಕಿದ್ರೆ ನಲವತ್ತೆರಡು ತರ್ತಿದ್ರಿ. ನಲವತ್ನಾಲ್ಕು ಯಾರಿಗೆ ತಂದ್ರಿ?"

ತಿಮ್ಮರಾಯ, ಆಗಲೇ ನಾನು ಅಂಗಿಯ ಚೀಟಿ ತಿರುಗಿಸಿ ಅಳತೆ ಓದಿದ್ದು. ಅಂಗಡಿಯಲ್ಲಿ ನಾನು ಯೋಚಿಸಿ ಎತ್ತಿಕೊಂಡದ್ದಲ್ಲ. ಕೈ ತಾನಾಗಿ ನಿನ್ನ ಅಳತೆಗೆ ಹೋಗಿತ್ತು. ಮೂವತ್ತು ಯುಗಾದಿ ತಪ್ಪು ಅಳತೆ ಕೊಟ್ಟ ಕೈ ಈ ಸಲ ಸರಿಯಾದದ್ದನ್ನೇ ಆರಿಸಿತ್ತು.

ಈಗ ಆ ದಿನದ ಮಾತು. ಹೋದ ಆಷಾಢ, ಸಾವನದುರ್ಗ. ಬುಡದಲ್ಲಿ ನೀನು ನಿನ್ನ ನರಸಿಂಹನಿಗೆ, ನಾನು ನನ್ನ ವೀರಭದ್ರನಿಗೆ ಕೈಮುಗಿದು ಹೊರಟೆವು. ಉಳಿದವರೆಲ್ಲ ಮುಂದೆ ಹೋಗಿ ಕಣ್ಮರೆಯಾಗಿದ್ದರು, ನಾವಿಬ್ಬರು ಬೋಳುಬಂಡೆಯ ಮಧ್ಯೆ ಬರುವಷ್ಟರಲ್ಲಿ ಗಾಳಿ ಎದ್ದಿತು. ನೀನು ಹಾಕಿದ್ದು ಆ ವರ್ಷದ ಯುಗಾದಿ ಅಂಗಿ, ಇನ್ನೂ ಮುನಿಲಕ್ಷ್ಮಮ್ಮನ ಹೊಲಿಗೆ ಬೀಳದ ನಲವತ್ತಾರು. ಕೆಳಗಿನಿಂದ ಗಾಳಿ ನುಗ್ಗಿ ಅದು ಬಲೂನಿನ ಹಾಗೆ ಉಬ್ಬಿತು. ಇಲ್ಲಿಯವರೆಗಿನ ಕಥೆಯನ್ನು ಕೆರೆಯ ಬೆಂಚಿನ ಮೇಲೆ ನಾನು ಅಭಿನಯ ಸಮೇತ ಹೇಳಿದೆ. ಅಲ್ಲಿಂದ ಮುಂದೆ, ನೀನು ಹೆದರಿ ಬಂಡೆ ಮೇಲೆ ಕೂತುಬಿಟ್ಟೆ, ಕೂತುಕೊಂಡೇ ಇಳಿದೆ, ಪ್ಯಾಂಟು ಸವೆದು ಹೋಯಿತು ಅಂತ ಹೇಳಿದೆ. ಗೂಳಪ್ಪನವರಿಗೆ ನಕ್ಕು ನಕ್ಕು ಕೆಮ್ಮು ಬಂತು. "ಬಲೂನ್ ತಿಮ್ಮಣ್ಣ" ಅಂತ ಹೆಸರಿಟ್ಟವರು ಅವರೇ. ನೀನೂ ನಕ್ಕೆ. ಮೂರು ದಿನ ನಕ್ಕೆ. ನಾಲ್ಕನೇ ದಿನ ಬರಲಿಲ್ಲ.

ನಾನು ಹೇಳದೆ ಬಿಟ್ಟದ್ದನ್ನು ನೀನೂ ಹೇಳಲಿಲ್ಲ. ಗಾಳಿ ಎದ್ದಾಗ ಹೆದರಿದವನು ನಾನು. ಮುಂದಿದ್ದ ನಿನ್ನ ಅಂಗಿಯ ತುದಿಯನ್ನು ಎರಡು ಕೈಯಲ್ಲಿ ಹಿಡಿದು ಜೋತುಬಿದ್ದೆ. ಪಕ್ಕೆಯ ಹೊಲಿಗೆ ಪರ್ ಅಂತ ಹರಿಯಿತು. ನೀನು ಬೈಯಲಿಲ್ಲ. "ಹಿಡ್ಕೋ ಶಂಭು, ಬಿಡ್ಬೇಡ, ನಾನ್ ಕೂತ್ಕೋತೀನಿ, ನೀನೂ ಕೂತ್ಕೋ" ಅಂದೆ. ನನ್ನ ಕೆಳಗೆ ಬಂದು ಕೂತೆ. ನಾನು ಜಾರಿದರೆ ನಿನಗೆ ತಾಗಿ ನಿಲ್ಲಲಿ ಅಂತ. ಹಾಗೇ ಗೇಣು ಗೇಣು ಇಳಿಸಿದೆ. ದಾರಿಯುದ್ದಕ್ಕೂ ಈ ವರ್ಷ ಅವರೆಕಾಯಿ ಹೇಗೆ ಅಂತ ಏನೇನೋ ಮಾತಾಡಿಸುತ್ತಲೇ ಇದ್ದೆ, ನಾನು ಕೆಳಗೆ ನೋಡದಿರಲಿ ಅಂತ. ಕೆಳಗಿಳಿದ ಮೇಲೆ ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಮಾತು ಜಾಸ್ತಿ ಮಾಡುತ್ತೇನೆ. ಆ ಮಾತಿಗೆ ನಿನ್ನನ್ನು ಮಾರಿಬಿಟ್ಟೆ. ನೀನು ಒಂದು ಮಾತು ಹೇಳಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ದೊಗಳೆ ಅಂಗಿ ತೊಟ್ಟು ಸುಮ್ಮನಿದ್ದ ಹಾಗೆ ಅದಕ್ಕೂ ಸುಮ್ಮನಿದ್ದುಬಿಟ್ಟೆ.

ಬುಧವಾರ ಬೆಳಿಗ್ಗೆ ಅದೇ ಬೆಂಚು ಹತ್ತಿ ನಿಂತು ಎಲ್ಲವನ್ನೂ ಹೇಳಿದೆ. ಅಭಿನಯ ಸಮೇತ. ಹೆದರಿದ ಮುಖವೂ ನನ್ನದೇ, ಜೋತುಬಿದ್ದ ಕೈಯೂ ನನ್ನದೇ. ಆಮೇಲೆ ಗೂಳಪ್ಪನವರು, "ಏನ್ ಸ್ವಾಮಿ, ಹಾಗಾದ್ರೆ ಹನ್ನೊಂದು ತಿಂಗಳಿಂದ ನಾವು ನಗ್ತಿರೋದು ರಾಂಗ್ ಪ್ಯಾಸೆಂಜರ್ ಮೇಲಾ?" ಅಂದರು. ಎಲ್ಲರೂ ಬೆಂಚು ಅಲುಗಾಡುವಷ್ಟು ನಕ್ಕರು. ಈಗ ನನ್ನ ಹೆಸರು "ಅಂಗಿಬಾಲ". ನಿನ್ನೆ ಎಳನೀರಿನವನೂ ಹಾಗೇ ಕರೆದ. ನಿನ್ನ ಬಲೂನು ಒಡೆದುಹೋಯಿತು, ಇನ್ನು ಆ ಹೆಸರು ಯಾರ ಬಾಯಲ್ಲೂ ಇಲ್ಲ. ಕ್ಷಮಿಸು ಅನ್ನುವ ಮಾತನ್ನು ನಾನು ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಸುಮ್ಮನೆ ಹೇಳುತ್ತಿದ್ದೆ. ಈ ಸಲ ಸುಮ್ಮನೆ ಹೇಳುತ್ತಿಲ್ಲ. ಕ್ಷಮಿಸು ತಿಮ್ಮರಾಯ.

ಈಗ ಪೊಟ್ಟಣ ಬಿಚ್ಚು. ಬೂದು ಬಣ್ಣ, ಬಂಡೆಯ ಮೇಲೆ ಕೂತರೂ ಕೊಳೆ ಕಾಣುವುದಿಲ್ಲ. ಕಾಲರಿನ ಒಳಗೆ ಅರಿಶಿನವಿದೆ, ಹಾಕಿಕೊಂಡರೆ ಯಾರಿಗೂ ಕಾಣದು. ಕನ್ನಡಿ ಮುಂದೆ ನೆಟ್ಟಗೆ ನಿಲ್ಲಬೇಡ. ಕೈ ಮೇಲೆತ್ತು, ಕುಕ್ಕರಗಾಲಲ್ಲಿ ಕೂರು. ಎಲ್ಲೂ ಬಿಗಿಯಬಾರದು, ಎಲ್ಲೂ ಜೋಲಬಾರದು. ಮುನಿಲಕ್ಷ್ಮಮ್ಮನವರು ಸೂಜಿ ತರುವುದು ಬೇಡ ಅಂತ ಹೇಳು. ಅದರ ಮೇಲೆ ಸೂಜಿ ಹಾಕಿದರೆ ತೂತಿನಿಂದ ಗಾಳಿ ನುಗ್ಗುತ್ತದೆ, ಈ ಸಲ ಹೊಲಿಗೆ ಹಾಕುವ ಅಗತ್ಯವೂ ಬೀಳುವುದಿಲ್ಲ. ಬೆಲೆ ಹೇಳುವುದಿಲ್ಲ, ಕೇಳಬೇಡ. ವಾಪಸ್ ಕಳಿಸಿದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ, ಬಸವಲಿಂಗಮ್ಮನಂತೂ ಮೊದಲೇ ತೆಗೆದುಕೊಳ್ಳುವುದಿಲ್ಲ, ನನಗೆ ಹಾಕಿದರೆ ನಾನು ಹಾರಿಹೋಗುತ್ತೇನೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಕೆರೆಯ ಗೇಟಿನ ಹತ್ತಿರ ವ್ಯಾನ್ ನಿಂತಿರುತ್ತದೆ. ಬಂಡೆ ಒಣಗಿದ್ದರೆ ಹತ್ತುವುದು, ಒದ್ದೆಯಾಗಿದ್ದರೆ ಬುಡದಲ್ಲೇ ಚಿತ್ರಾನ್ನ ತಿಂದು ಬರುವುದು. ಎಂಟನೇ ಸೀಟಿಗೆ ಗೂಳಪ್ಪನವರು ಟವೆಲ್ ಹಾಕಿದ್ದಾರೆ. ಮುಂದೆ ಹೋಗುವವನು ನಾನೇ ಅಂತ ಊರಿಗೆಲ್ಲ ಸಾರಿದ್ದೇನೆ, ಆದರೆ ನಮ್ಮಿಬ್ಬರೊಳಗಿರಲಿ, ಬೋಳುಬಂಡೆ ಬಂದ ಕೂಡಲೇ ನೀನು ಮುಂದೆ ಬಾ. ಹಿಂದಿನ ತುದಿ ಹಿಡಿದುಕೊಳ್ಳುತ್ತೇನೆ. ಎಳೆದು ನೋಡಿಯೇ ತಂದಿದ್ದೇನೆ, ಈ ಹೊಲಿಗೆ ನನ್ನನ್ನು ತಡೆಯುತ್ತದೆ.

ನಿನ್ನ ನರಸಿಂಹನೂ ನನ್ನ ವೀರಭದ್ರನೂ ನಿನ್ನ ಮೊಣಕಾಲನ್ನು ಚೆನ್ನಾಗಿಟ್ಟಿರಲಿ. ಮುನಿಲಕ್ಷ್ಮಮ್ಮನವರಿಗೆ ನಮ್ಮಿಬ್ಬರ ನಮಸ್ಕಾರ.

ನಿನ್ನ ಅಂಗಿಯ ಹಿಂದೆಯೇ ಇರುವ,
ಶಂಭು