ಪುಡಿ ಸಕ್ಕರೆ ಹುಡುಕಬೇಡ

ಪುಟ್ಟೀ,

ನೀನು ಏಳುವ ಮೊದಲೇ ಆಸ್ಪತ್ರೆಗೆ ಹೊರಟಿದ್ದೇನೆ. ಈ ಭಾನುವಾರವೂ ರಜೆ ಸಿಗಲಿಲ್ಲ. ನಿನ್ನ ಜೊತೆ ಕಿತ್ತಳೆ ಬಿಸ್ಕತ್ತು ಮಾಡಲು ನಿಮ್ಮತ್ತೆ ಬರುತ್ತಾರಂತೆ. ಬರಲಿ.

ಬೆಣ್ಣೆ ಹೊರಗಿಟ್ಟಿದ್ದೇನೆ, ಹಣ್ಣು ತೊಳೆದಿದ್ದೇನೆ. ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ತುರಿ, ಒಳಗಿನ ಬಿಳಿ ಕಹಿ. ನಿಮ್ಮತ್ತೆ ಮಾತಿಗೆ ಕೂತರೆ ಕೈ ಏನು ಮಾಡುತ್ತಿದೆ ಎಂದು ನೋಡುವವರಲ್ಲ. ಓವನ್ನಿನಿಂದ ತಟ್ಟೆ ತೆಗೆಯುವುದು ಮಾತ್ರ ಅವರೇ, ನೀನಲ್ಲ.

ಹೋದ ಸಲ "ಅತ್ತೆ ಮಾಡಿದ್ದೇ ಚೆನ್ನ, ಅಮ್ಮಂದು ಕಲ್ಲು" ಅಂದೆಯಲ್ಲ, ನಾನು ಪಾತ್ರೆ ತೊಳೆಯುತ್ತಿದ್ದೆ, ಕಿವಿ ತೆರೆದೇ ಇತ್ತು. ಅವರಿಗೆ ಅದನ್ನು ಕಲಿಸಿದವಳು ನಾನು. ಇರಲಿ ಬಿಡು.

ಪುಡಿ ಸಕ್ಕರೆ ಕಲಸಿ ಮೇಲೆ ಸುರಿಯುವ ಪಾಕಕ್ಕೆ ಅವಸರ ಮಾಡಬೇಡಿ. ಬಿಸ್ಕತ್ತು ಪೂರ್ತಿ ಆರದಿದ್ದರೆ ಎಲ್ಲ ಇಳಿದುಹೋಗುತ್ತದೆ. ಆರುವಷ್ಟರಲ್ಲಿ ಹೇಗೂ ನಾನು ಬರುವ ಹೊತ್ತಾಗುತ್ತದೆ.

ಪುಡಿ ಸಕ್ಕರೆಯ ಡಬ್ಬಿಗಾಗಿ ಕಪಾಟೆಲ್ಲ ಜಾಲಾಡಬೇಡ. ಅದು ನನ್ನ ಬ್ಯಾಗಿನಲ್ಲಿದೆ. ಅತ್ತೆ ಕೇಳಿದರೆ ಅಮ್ಮ ಮರೆತು ಒಯ್ದಿದ್ದಾಳೆ ಅನ್ನು.

ಅವರು ಸಂಜೆಯವರೆಗೆ ಉಳಿಯುವುದಾದರೆ ಉಳಿಯಲಿ, ಕಾಫಿ ಮಾಡಿಕೊಡುತ್ತೇನೆ. ಆದರೆ ಪಾಕದ ಬಟ್ಟಲು ನೆಕ್ಕಲು ಎರಡೇ ಚಮಚ ತೆಗೆದಿಡು, ನಿನಗೊಂದು, ನನಗೊಂದು.

ಅಮ್ಮ