ಮೂರನೆಯ ದೋಣಿಯ ಬೆಸುಗೆ

ಜಿಝಾನ್
17 ಜನವರಿ 2025

ಪ್ರೀತಿಯ ಮಗಳು ಹನಾನ್‌ಗೆ ಉಪ್ಪನ ಸಲಾಂ.

ಕಾಲೇಜಿಗೆಂದು ನೀನು ಬರೆದ ಪ್ರಬಂಧವನ್ನು ಎರಡು ಸಲ ಓದಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಬ್ಬಿಣದ ಹಡಗು ಕಟ್ಟಲು ಹೊರಟು, ಐದೇ ವರ್ಷಕ್ಕೆ ಬಾಗಿಲು ಹಾಕಿದ ಆ ಇಂಗ್ಲಿಷ್ ಕಂಪನಿಯ ಕಥೆ ಚೆನ್ನಾಗಿ ಬಂದಿದೆ. ಕೊನೆಯಲ್ಲಿ ನಮ್ಮ ದೋಣಿ ಕಂಪನಿಯನ್ನೂ ಸೇರಿಸಿ, ಅದು ನಿನ್ನ ಕೋಯ ಮಾವನ ಅಜಾಗ್ರತೆಯಿಂದ ಮುಚ್ಚಿತು ಎಂದಿದ್ದೀ. ಆ ಸಾಲನ್ನು ಅಳಿಸಿಬಿಡು. ಅದು ನಾನು ಹೇಳಿಕೊಟ್ಟ ಸುಳ್ಳು. ಫೋನಿನಲ್ಲಿ ಹೇಳಲು ನಾಲಗೆ ಏಳಲಿಲ್ಲ. ಅದಕ್ಕೇ ಊರಿಗೆ ಹೊರಟಿರುವ ಅಶ್ರಫ್‌ನ ಕೈಯಲ್ಲಿ ಈ ಕಾಗದ.

ನಮ್ಮ ಕಂಪನಿ ಬದುಕಿದ್ದು ಇಪ್ಪತ್ತೆರಡು ತಿಂಗಳು. ಮೀನುಗಾರರಿಗೆ ಮೂರು ಕಬ್ಬಿಣದ ದೋಣಿ ಕಟ್ಟಿಕೊಟ್ಟೆವು. ಬೆಸುಗೆ ಹಾಕುವುದು ಕೋಯ, ಅದನ್ನು ಪರೀಕ್ಷಿಸಿ ಸಹಿ ಹಾಕುವುದು ನಾನು. ಬೆಸುಗೆಯ ಒಂದು ಬದಿಗೆ ಸುಣ್ಣ ಬಳಿದು, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ ಕಾಯಬೇಕು. ಸುಣ್ಣದ ಮೇಲೆ ಕಲೆ ಮೂಡಿದರೆ ಅಲ್ಲಿ ಬಿರುಕಿದೆ ಎಂದರ್ಥ.

ಮೂರನೆಯ ದೋಣಿಯನ್ನು ನೀರಿಗಿಳಿಸುವ ದಿನ ಕಂಪನಿಯ ಅರಬ್ ಒಡೆಯನಾದ ನಮ್ಮ ಕಫೀಲ್ ನೆಂಟರಿಷ್ಟರನ್ನೆಲ್ಲ ಕರೆದಿದ್ದ. ಕೋಯ ನನ್ನನ್ನು ಬದಿಗೆ ಕರೆದು, "ಹಿಂಬದಿಯ ಜೋಡಣೆ ಒಮ್ಮೆ ಸರಿ ನೋಡು ಮಾರಾಯ, ನನಗೆ ಎಂತದೋ ಸಮಾಧಾನ ಇಲ್ಲ" ಎಂದ. ನೋಡಿದ್ದೇನೆ ಎಂದೆ. ನೋಡಿರಲಿಲ್ಲ. ಹೊಸ ಬಿಳಿ ಅಂಗಿ ತೊಟ್ಟಿದ್ದೆ, ದೋಣಿಯಡಿ ತೆವಳಿದರೆ ಕೊಳೆಯಾದೀತೆಂದು. ಇಷ್ಟೇ ಕಾರಣ, ಮಗಳೇ.

ನಾಲ್ಕನೆಯ ದಿನ ಕಡಲಿನಲ್ಲಿ ಅಲ್ಲಿಂದಲೇ ನೀರು ನುಗ್ಗಿತು. ತಡೆಯಲು ಹೋದ ಮೀನುಗಾರ ಸಾಲಿಮ್‌ನ ಬಲಗೈ ಎಂಜಿನ್‌ಗೆ ಸಿಕ್ಕಿ ಮೂರು ಬೆರಳು ಹೋದವು. ತಪ್ಪು ಯಾರದೆಂದು ಕಫೀಲ್ ಕೇಳಿದಾಗ, ಬೆಸುಗೆ ಕೋಯನದು ಎಂದೆ. ಕೋಯ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಕಂಪನಿ ಮುಚ್ಚಿತು. ಕೋಯ ದೂರದ ಖಮೀಸ್ ಮುಶೈತ್ ಪೇಟೆಗೆ ಹೋಗಿ ಕಿಟಕಿಯ ಸರಳು ಬೆಸೆಯುತ್ತಾ ಉಳಿದ.

ನನ್ನ ಮಾತು ನಂಬಿ ನಿನ್ನ ಉಮ್ಮ ಒಡಹುಟ್ಟಿದ ಅಣ್ಣ ಕೋಯನೊಂದಿಗೆ ಆರು ವರ್ಷದಿಂದ ಮಾತಾಡಿಲ್ಲ. ನಿನ್ನ ಅಕ್ಕ ಶಮೀರಾಳ ಮದುವೆಗೂ ಕರೆಯಲಿಲ್ಲ. ಬೇಡ ಎಂದವನು ನಾನೇ. ಈ ಕಾಗದವನ್ನು ಉಮ್ಮನಿಗೆ ನೀನೇ ಓದಿ ಹೇಳು ಎಂದು ಬರೆಯಹೊರಟೆ. ಅದೂ ಹೇಡಿತನವೇ. ಮುಂದಿನ ತಿಂಗಳು ಬಂದು ಅವಳೆದುರು ಕೂತು ನಾನೇ ಹೇಳುತ್ತೇನೆ.

ನಿನ್ನ ಮುಖ ನೋಡಲು ನಾಚುವ ಉಪ್ಪ,
ಅಬ್ದುಲ್ಲ ಕುಂಞಿ

ಮರೆತ ಮಾತು: ನಿನ್ನೆ ಕೋಯನಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಅವನು, "ನೀನು ನೋಡ್ಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಹೇಳಿದ್ರೆ ನಿನ್ನನ್ನು ಊರಿಗೆ ಅಟ್ತಿದ್ರು. ನನಗಾದ್ರೆ ಬೆಸುಗೆ ಕೆಲಸ ಎಲ್ಲಾದ್ರೂ ಸಿಗ್ತದೆ. ತಂಗಿ, ಮಕ್ಕಳು ಎಂತ ಮಾಡ್ಬೇಕಿತ್ತು?" ಎಂದ. ಆಮೇಲೆ, ತಂಗಿ ಹೇಗಿದ್ದಾಳೆ ಎಂದು ಕೇಳಿದ.